ಜರಾಯು ಸಾರದ ಕಿಣ್ವಗಳು ಕ್ರೀಮಿನ ಡಬ್ಬಿಯಲ್ಲಿ ಉಳಿಯುತ್ತವೆಯೇ?

ಸೌಂದರ್ಯವರ್ಧಕಗಳ ಲೇಬಲ್ ಓದುವ ಬಗೆಯನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಬರೆದಾಗ, ಜರಾಯುವಿನ ಸಾರ, ಅಂದರೆ ಮಾಸಿನಿಂದ ತೆಗೆದ ಸಾರ, ‘ಜೀವಂತ ಕಿಣ್ವಗಳನ್ನು’ ಒಳಗೊಂಡಿದೆ ಎಂಬ ಜಾಹೀರಾತಿನ ಮಾತನ್ನು ಸುಲಭವಾಗಿ ನಂಬಬಾರದು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೆ. ಆ ಸಾಲನ್ನು ಹಿಡಿದು ಹಲವರು ಪ್ರಶ್ನೆ ಕಳಿಸಿದ್ದಾರೆ. ಈ ಸಂಚಿಕೆಯ ಪುಟಗಳನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ತುಮಕೂರಿನ ಸಮೀಪ ಚಿಕ್ಕ ಪ್ರಮಾಣದಲ್ಲಿ ಸೌಂದರ್ಯವರ್ಧಕಗಳನ್ನು ತಯಾರಿಸುತ್ತೇವೆ. ಮುಖದ ಕ್ರೀಮಿಗೆ ಕುರಿಯ ಜರಾಯುವಿನ ಸಾರವನ್ನು ಸೇರಿಸಬೇಕೆಂದಿದ್ದೇವೆ. ಪೂರೈಕೆದಾರರು ಕೊಟ್ಟ ವಿಶ್ಲೇಷಣಾ ಪತ್ರದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಸಕ್ರಿಯತೆಯನ್ನು ಯೂನಿಟ್‌ಗಳಲ್ಲಿ ತೋರಿಸಿ, ಬಾಳಿಕೆ ಎರಡು ವರ್ಷ ಎಂದು ನಮೂದಿಸಿದ್ದಾರೆ. ಕ್ರೀಮಿನಲ್ಲಿಯೂ ಈ ಸಕ್ರಿಯತೆ ಎರಡು ವರ್ಷ ಇರುವುದೇ? ಇದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ: ಇರುವುದಿಲ್ಲ ಎಂದೇ ಎಣಿಸಿಕೊಂಡು ಕೆಲಸ ಆರಂಭಿಸುವುದು ಒಳ್ಳೆಯದು. ವಿಶ್ಲೇಷಣಾ ಪತ್ರ ಹೇಳುವುದು ಆ ಸಾರವು, ಆ ದ್ರವದಲ್ಲಿ, ಪರೀಕ್ಷೆ ನಡೆದ ದಿನ ಹೇಗಿತ್ತು ಎಂಬುದನ್ನು ಮಾತ್ರ. ಎರಡು ವರ್ಷದ ಬಾಳಿಕೆ ಎಂಬ ಮಾತು ಸಾಮಾನ್ಯವಾಗಿ ಬಣ್ಣ, ವಾಸನೆ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತು ಸೂಕ್ಷ್ಮಜೀವಿಗಳ ಎಣಿಕೆಗೆ ಸಂಬಂಧಿಸಿದ್ದು. ಕಿಣ್ವದ ಸಕ್ರಿಯತೆಯನ್ನೂ ಎರಡು ವರ್ಷದುದ್ದಕ್ಕೂ ಅಳೆದು ನೋಡಿದ್ದಾರೆಯೇ, ಯಾವ ಉಷ್ಣತೆಯಲ್ಲಿಟ್ಟು ನೋಡಿದ್ದಾರೆ ಎಂದು ನೀವು ಪೂರೈಕೆದಾರರನ್ನು ಬರವಣಿಗೆಯಲ್ಲಿಯೇ ಕೇಳಬೇಕು. ‘2ರಿಂದ 8 ಡಿಗ್ರಿಯಲ್ಲಿ’ ಎಂಬ ಷರತ್ತು ಎಲ್ಲಿಯೋ ಸಣ್ಣ ಅಕ್ಷರದಲ್ಲಿ ಇದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಕಿಣ್ವವೆಂದರೆ ನಿರ್ದಿಷ್ಟ ಆಕಾರದಲ್ಲಿ ಮಡಚಿಕೊಂಡ ಪ್ರೋಟೀನು. ಆ ಮಡಿಕೆ ಬಿಚ್ಚಿಕೊಂಡರೆ ಪ್ರೋಟೀನು ಉಳಿಯುತ್ತದೆ, ಕೆಲಸ ನಿಲ್ಲುತ್ತದೆ. ಆಲ್ಕಲೈನ್ ಫಾಸ್ಫಟೇಸಿನ ಕ್ರಿಯಾಸ್ಥಾನದಲ್ಲಿ ಎರಡು ಸತುವಿನ ಅಯಾನುಗಳೂ ಒಂದು ಮೆಗ್ನೀಸಿಯಂ ಅಯಾನೂ ಕುಳಿತಿರುತ್ತವೆ, ಅವಿಲ್ಲದೆ ಅದು ಕೆಲಸ ಮಾಡದು. ಈಗ ನಿಮ್ಮ ಕ್ರೀಮಿನ ಸೂತ್ರವನ್ನು ಈ ಕಣ್ಣಿನಿಂದ ನೋಡಿ. ಬಹುತೇಕ ಕ್ರೀಮುಗಳಲ್ಲಿ ಬಣ್ಣ ಕೆಡದಂತೆ, ಸಂರಕ್ಷಕಗಳು ಚೆನ್ನಾಗಿ ಕೆಲಸ ಮಾಡುವಂತೆ ಇಡಿಟಿಎ ಎಂಬ ಲವಣವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಲೋಹದ ಅಯಾನುಗಳನ್ನು ಹಿಡಿದು ಕಟ್ಟಿಹಾಕುವುದೇ ಅದರ ಕೆಲಸವಾದ್ದರಿಂದ, ಅದು ನೀರಿನಲ್ಲಿರುವ ಕಬ್ಬಿಣವನ್ನು ಹಿಡಿಯುವಂತೆಯೇ ಕಿಣ್ವದ ಸತುವನ್ನೂ ಕಾಲಕ್ರಮದಲ್ಲಿ ಕಿತ್ತುಕೊಳ್ಳುತ್ತದೆ. ಕ್ರೀಮಿನ ಪಿಎಚ್ ಚರ್ಮಕ್ಕೆ ಒಗ್ಗುವಂತೆ 5ರಿಂದ 6ರ ಆಸುಪಾಸಿನಲ್ಲಿರುತ್ತದೆ. ಹೆಸರೇ ಹೇಳುವಂತೆ ಕ್ಷಾರದಲ್ಲಿ, ಪ್ರಯೋಗಾಲಯದಲ್ಲಿ ಪಿಎಚ್ 10ರ ಸುಮಾರಿನಲ್ಲಿ, ಚುರುಕಾಗಿರುವ ಕಿಣ್ವಕ್ಕೆ ಅದು ಅನುಕೂಲದ ನೆಲೆಯಲ್ಲ. ಇವುಗಳ ಮೇಲೆ ಎಣ್ಣೆಯನ್ನೂ ನೀರನ್ನೂ ಬೆಸೆಯುವ ಪದಾರ್ಥಗಳು, ಆಲ್ಕೋಹಾಲ್, ಸುಗಂಧದ್ರವ್ಯಗಳು, ಫಾರ್ಮಾಲ್ಡಿಹೈಡನ್ನು ನಿಧಾನವಾಗಿ ಬಿಡುವ ಬಗೆಯ ಸಂರಕ್ಷಕಗಳು. ಇವುಗಳಲ್ಲಿ ಯಾವುದೂ ಪ್ರೋಟೀನಿನ ಸ್ನೇಹಿತನಲ್ಲ.

ತಯಾರಿಕೆಯ ಹಂತವನ್ನೂ ನೋಡೋಣ. ಎಣ್ಣೆಯ ಭಾಗವನ್ನೂ ನೀರಿನ ಭಾಗವನ್ನೂ ಬೇರೆ ಬೇರೆಯಾಗಿ 70ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಒಂದನ್ನು ಇನ್ನೊಂದಕ್ಕೆ ಸುರಿದು, ಹೋಮೊಜಿನೈಸರಿನಲ್ಲಿ ರಭಸವಾಗಿ ತಿರುಗಿಸುತ್ತೀರಿ. ಆ ಹಂತದಲ್ಲಿ ಸಾರವನ್ನು ಸೇರಿಸಿದರೆ ಕುರಿಯ ಜರಾಯುವಿನ ಫಾಸ್ಫಟೇಸ್ ಉಳಿಯುವುದು ಕನಸಿನ ಮಾತು. ಮಿಶ್ರಣವು 40 ಡಿಗ್ರಿಗಿಂತ ಕೆಳಗಿಳಿದ ಮೇಲೆ, ಪ್ಯಾಡಲನ್ನು ನಿಧಾನಗತಿಗೆ ತಂದು ಸೇರಿಸಬೇಕು. ಸಾರವನ್ನು ಮೊದಲೇ ಗ್ಲಿಸರಿನ್ನಿನಲ್ಲಿ ಬೆರೆಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಗ್ಲಿಸರಿನ್, ಸಾರ್ಬಿಟಾಲ್ ಮೊದಲಾದವು ಪ್ರೋಟೀನಿನ ಮಡಿಕೆ ಬಿಚ್ಚದಂತೆ ತಕ್ಕಮಟ್ಟಿಗೆ ಕಾಯುತ್ತವೆ. ಇಷ್ಟೆಲ್ಲ ಮಾಡಿದರೂ ಡಬ್ಬಿ ನಿಮ್ಮ ಕೈಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕೊರಿಯರ್ ವಾಹನದೊಳಗೆ ಅದಕ್ಕಿಂತಲೂ ಹೆಚ್ಚು.

ಇಲ್ಲಿ ಇನ್ನೊಂದು ಬಲೆಯಿದೆ. ಸೌಂದರ್ಯವರ್ಧಕಗಳ ಬಾಳಿಕೆಯನ್ನು ಅಂದಾಜು ಮಾಡಲು ಮಾದರಿಯನ್ನು 40 ಅಥವಾ 45 ಡಿಗ್ರಿಯಲ್ಲಿ ಕೆಲವು ತಿಂಗಳು ಇಟ್ಟು, ಅಲ್ಲಿನ ಫಲಿತಾಂಶದಿಂದ ಸಾಮಾನ್ಯ ಉಷ್ಣತೆಯ ವರ್ಷಗಳನ್ನು ಲೆಕ್ಕ ಹಾಕುವ ಪದ್ಧತಿ ಇದೆ. ಸರಳ ರಾಸಾಯನಿಕಗಳಿಗೆ ಈ ಲೆಕ್ಕ ಹೊಂದುತ್ತದೆ. ಪ್ರೋಟೀನುಗಳು ಹಾಗಲ್ಲ: ಒಂದು ಉಷ್ಣತೆಯವರೆಗೆ ತಾಳಿಕೊಂಡು, ಅದನ್ನು ದಾಟಿದ ಕೂಡಲೇ ಥಟ್ಟನೆ ಕುಸಿಯುತ್ತವೆ. ಆದ್ದರಿಂದ ಬಿಸಿಯಲ್ಲಿ ಕಂಡ ನಷ್ಟದಿಂದ ತಂಪಿನ ಬಾಳಿಕೆಯನ್ನೂ, ತಂಪಿನಲ್ಲಿ ಕಂಡ ಬಾಳಿಕೆಯಿಂದ ಬಿಸಿಯ ನಷ್ಟವನ್ನೂ ಊಹಿಸಲಾಗದು. ಕಿಣ್ವದ ಬಾಳಿಕೆಯನ್ನು ಲೇಬಲ್ಲಿನಲ್ಲಿ ಹೇಳಬೇಕೆಂದಿದ್ದರೆ ಆಯಾ ಉಷ್ಣತೆಯಲ್ಲಿ, ಆಯಾ ಕಾಲದುದ್ದಕ್ಕೂ, ಮಾರಾಟಕ್ಕೆ ಇಡುವ ಅದೇ ಡಬ್ಬಿಯಲ್ಲಿಟ್ಟು ಅಳೆಯುವುದೊಂದೇ ದಾರಿ.

ಅಳೆಯುವ ಬಗೆ ಕಷ್ಟದ್ದಲ್ಲ. ಪ್ಯಾರಾ-ನೈಟ್ರೊಫಿನೈಲ್ ಫಾಸ್ಫೇಟ್ ಎಂಬ ಬಣ್ಣವಿಲ್ಲದ ಪದಾರ್ಥವನ್ನು, ಮೆಗ್ನೀಸಿಯಂ ಮತ್ತು ಅಲ್ಪ ಸತುವಿರುವ ಕ್ಷಾರೀಯ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣದಲ್ಲಿ) ಕರಗಿಸಿ, ಅದಕ್ಕೆ ಮಾದರಿಯನ್ನು ಹಾಕಿ 37 ಡಿಗ್ರಿಯಲ್ಲಿಡುತ್ತಾರೆ. ಕಿಣ್ವ ಜೀವಂತವಿದ್ದರೆ ಫಾಸ್ಫೇಟ್ ಕತ್ತರಿಸಿಹೋಗಿ, ಉಳಿದ ಪ್ಯಾರಾ-ನೈಟ್ರೊಫಿನಾಲ್ ಕ್ಷಾರದಲ್ಲಿ ಹಳದಿಯಾಗುತ್ತದೆ. ನಿಮಿಷಗಳು ಕಳೆದಂತೆ ಕೊಳವೆ ನಿಂಬೆಯ ಬಣ್ಣಕ್ಕೆ ತಿರುಗುವುದು ಬರಿಗಣ್ಣಿಗೂ ಕಾಣುತ್ತದೆ. ಸ್ಪೆಕ್ಟ್ರೊಫೋಟೋಮೀಟರಿನಲ್ಲಿ 405 ನ್ಯಾನೋಮೀಟರ್ ತರಂಗದೂರದಲ್ಲಿ ಆ ಹಳದಿಯ ಏರಿಕೆಯನ್ನು ಓದುತ್ತಾರೆ. ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ಪದಾರ್ಥವನ್ನು ಬದಲಿಸುವಷ್ಟು ಕಿಣ್ವವೇ ಒಂದು ಯೂನಿಟ್. ಯಾವ ಪಿಎಚ್, ಯಾವ ಉಷ್ಣತೆ ಎಂದು ಹೇಳದ ಯೂನಿಟ್‌ಗೆ ಅರ್ಥವಿಲ್ಲ ಎಂಬುದನ್ನು ಮಾತ್ರ ಗಮನಿಸಿ. ನಿಮ್ಮ ಪೂರೈಕೆದಾರರ ಪತ್ರದಲ್ಲಿ ಅದು ಇದೆಯೇ?

ತೊಡಕಿರುವುದು ಕ್ರೀಮಿನಲ್ಲಿ. ಸಾರಕ್ಕೆ ತನ್ನದೇ ಹಳದಿ-ಕಂದು ಬಣ್ಣವಿರುತ್ತದೆ, ಕ್ರೀಮಿನ ಎಣ್ಣೆ ದ್ರಾವಣವನ್ನು ಮಬ್ಬಾಗಿಸುತ್ತದೆ, ಇಡಿಟಿಎ ಮಾದರಿಯೊಂದಿಗೇ ಕೊಳವೆಗೆ ಬಂದು ಅಲ್ಲಿಯೂ ಕಿಣ್ವವನ್ನು ತಡೆಯುತ್ತದೆ. ಆದ್ದರಿಂದ ಮೂರು ಕೊಳವೆಗಳಾದರೂ ಬೇಕು: ಒಂದರಲ್ಲಿ ನಿಮ್ಮ ಕ್ರೀಮು, ಇನ್ನೊಂದರಲ್ಲಿ ಅದೇ ಕ್ರೀಮನ್ನು ಕುದಿಸಿ ಕಿಣ್ವವನ್ನು ಕೊಂದ ಮಾದರಿ, ಮೂರನೆಯದರಲ್ಲಿ ಸಾರವಿಲ್ಲದ ಕ್ರೀಮಿಗೆ ಗೊತ್ತಿರುವ ಪ್ರಮಾಣದ ಕಿಣ್ವವನ್ನು ಆಗಷ್ಟೇ ಬೆರೆಸಿದ ಮಾದರಿ. ಮೂರನೆಯದರಲ್ಲಿ ನೀವು ಹಾಕಿದಷ್ಟು ಕಿಣ್ವ ಮರಳಿ ಸಿಗದಿದ್ದರೆ ಮೊದಲನೆಯದರ ಅಂಕಿಯನ್ನು ನಂಬಬೇಡಿ.

ಸಂಗ್ರಹದಲ್ಲಿಟ್ಟ ಡಬ್ಬಿಯಲ್ಲಿ ತಿಂಗಳುಗಳ ನಂತರ ಸಕ್ರಿಯತೆ ಇಳಿಯುವ ಬದಲು ಏರಿದ್ದು ಕಂಡುಬಂದರೆ ಸಂತೋಷಪಡಬೇಡಿ. ಅನೇಕ ಬ್ಯಾಕ್ಟೀರಿಯಗಳು ತಮ್ಮದೇ ಫಾಸ್ಫಟೇಸನ್ನು ತಯಾರಿಸುತ್ತವೆ. ಸತ್ತ ಕಿಣ್ವ ಎದ್ದು ಬಂದಿರುವುದಕ್ಕಿಂತ ಡಬ್ಬಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದಿರುವ ಸಂಭವ ಹೆಚ್ಚು. ಆ ಬ್ಯಾಚನ್ನು ತಡೆಹಿಡಿದು ಸೂಕ್ಷ್ಮಜೀವಿ ಪರೀಕ್ಷೆಗೆ ಕಳಿಸಿ.

ಇನ್ನು ನನ್ನ ಅಭಿಪ್ರಾಯ. ಪ್ರಯೋಗಾಲಯದ ಕೊಳವೆಯಲ್ಲಿ ಪಿಎಚ್ 10ರಲ್ಲಿ ತೋರಿಬಂದ ಸಕ್ರಿಯತೆ ಪಿಎಚ್ 5.5ರ ಕ್ರೀಮಿನಲ್ಲಿ, ಅಷ್ಟೇ ಆಮ್ಲೀಯವಾದ ಚರ್ಮದ ಮೇಲೆ ನಡೆಯುವ ಸಕ್ರಿಯತೆಯಲ್ಲ. ಆ ಕಿಣ್ವದ ತೂಕ 1,20,000 ಡಾಲ್ಟನ್‌ಗೂ ಹೆಚ್ಚು. ಆರೋಗ್ಯವಂತ ಚರ್ಮದ ಹೊರಪದರವನ್ನು ದಾಟಲು ಅಣುವಿನ ತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆಯಿರಬೇಕೆಂಬುದು ಚರ್ಮವಿಜ್ಞಾನದಲ್ಲಿ ಬಳಕೆಯಲ್ಲಿರುವ ಅಳತೆ. ಹಾಗಾಗಿ ಫಾಸ್ಫಟೇಸ್ ಅಂಕಿಯನ್ನು ನೀವು ಕಚ್ಚಾಮಾಲಿನ ಗುಣಮಟ್ಟದ ಗುರುತಾಗಿ ಇಟ್ಟುಕೊಳ್ಳಿ. ಸಾರ ಬಂದ ದಿನ ಅಳೆದು, ಹಿಂದಿನ ಬ್ಯಾಚಿನೊಂದಿಗೆ ಹೋಲಿಸಿ, ಕಡತದಲ್ಲಿಡಿ. ಕ್ರೀಮಿನ ಡಬ್ಬಿಯ ಮೇಲೆ ‘ಸಕ್ರಿಯ ಕಿಣ್ವ’ ಎಂದು ಅಚ್ಚು ಹಾಕಿಸುವುದನ್ನು ಬಿಡಿ.

ಪ್ರಶ್ನೆ: ನಾನು ಧಾರವಾಡದಲ್ಲಿ ಜೀವರಸಾಯನ ವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಜರಾಯುವಿನ ಆಲ್ಕಲೈನ್ ಫಾಸ್ಫಟೇಸ್ 65 ಡಿಗ್ರಿಯ ಶಾಖವನ್ನೂ ತಾಳಿಕೊಳ್ಳುತ್ತದೆ ಎಂದು ನಮ್ಮ ಪಠ್ಯದಲ್ಲಿದೆ. ಹಾಗಿದ್ದರೆ ಜರಾಯು ಸಾರದ ಕಿಣ್ವಗಳು ಶಾಖಕ್ಕೆ ನಾಶವಾಗುತ್ತವೆ ಎಂಬ ಮಾತು ಹೇಗೆ ಸರಿ?

ಉತ್ತರ: ನಿಮ್ಮ ಪಠ್ಯ ಹೇಳುವುದು ಮನುಷ್ಯರ ಜರಾಯುವಿನ ಕಿಣ್ವವನ್ನು ಕುರಿತು. ರಕ್ತದಲ್ಲಿ ಏರಿರುವ ಆಲ್ಕಲೈನ್ ಫಾಸ್ಫಟೇಸ್ ಎಲ್ಲಿಂದ ಬಂತು ಎಂದು ತಿಳಿಯಲು ಹಿಂದೆ ಆಸ್ಪತ್ರೆಗಳಲ್ಲಿ ರಕ್ತದ್ರವವನ್ನು 56 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ನೋಡುತ್ತಿದ್ದರು. ಮೂಳೆಯ ಕಿಣ್ವ ಬಹುಪಾಲು ನಾಶವಾಗುತ್ತಿತ್ತು, ಯಕೃತ್ತಿನದು ಸ್ವಲ್ಪ ಉಳಿಯುತ್ತಿತ್ತು, ಜರಾಯುವಿನದು ಅಲುಗುತ್ತಿರಲಿಲ್ಲ. 65 ಡಿಗ್ರಿಯಲ್ಲಿ ಅರ್ಧ ಗಂಟೆಯಾದರೂ ಅದು ತಾಳುತ್ತದೆ. ಆದರೆ ಈ ಶಾಖಸಹಿಷ್ಣು ಬಗೆಯನ್ನು ತಯಾರಿಸುವ ಪ್ರತ್ಯೇಕ ಜೀನ್ ಇರುವುದು ಮನುಷ್ಯರಲ್ಲಿ ಮತ್ತು ಚಿಂಪಾಂಜಿಯಂತಹ ನಮ್ಮ ಹತ್ತಿರದ ವಾನರರಲ್ಲಿ. ಹಸು, ಕುರಿ, ಹಂದಿಗಳ ಜರಾಯುವಿನಲ್ಲಿ ಇರುವುದು ಮೂಳೆ ಮತ್ತು ಯಕೃತ್ತಿನಲ್ಲಿರುವಂತಹ, ಬಿಸಿ ತಾಳದ ಬಗೆ. ಹಸುವಿನ ಹಾಲಿನಲ್ಲಿರುವ ಫಾಸ್ಫಟೇಸ್ ಕೂಡ ಆ ಜಾತಿಯದೇ. 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿದರೆ ಅದು ಕೆಲಸ ನಿಲ್ಲಿಸುತ್ತದೆ ಎಂಬುದನ್ನೇ ನೆಚ್ಚಿಕೊಂಡು, ಹಾಲು ಸರಿಯಾಗಿ ಪಾಶ್ಚರೀಕರಣಗೊಂಡಿದೆಯೇ ಎಂದು ಡೇರಿಗಳಲ್ಲಿ ಫಾಸ್ಫಟೇಸ್ ಪರೀಕ್ಷೆ ಮಾಡುತ್ತಾರೆ. ಅದು ಉಳಿದಿಲ್ಲವೆಂದರೆ ಹಾಲಿನ ರೋಗಾಣುಗಳೂ ಉಳಿದಿಲ್ಲವೆಂದು ಅರ್ಥ.

ಇದರಿಂದ ಹೊರಡುವ ತೀರ್ಮಾನವನ್ನು ವ್ಯಾಪಾರದವರು ಹೇಳುವುದಿಲ್ಲ. ಮನುಷ್ಯರ ಜರಾಯುವಿನ ಸಾರದಲ್ಲಿ ಫಾಸ್ಫಟೇಸ್ ಚುರುಕಾಗಿದೆ ಎಂದಾಕ್ಷಣ ಸಾರವನ್ನು ಮೃದುವಾಗಿ ಸಂಸ್ಕರಿಸಿದ್ದಾರೆ, ಇತರ ಕಿಣ್ವಗಳೂ ಉಳಿದಿವೆ ಎಂದು ಹೇಳಲಾಗದು; ಎಲ್ಲರಿಗಿಂತ ಗಟ್ಟಿಯಾದವನು ಬದುಕುಳಿದರೆ ಉಳಿದವರ ಗತಿ ತಿಳಿಯುವುದಿಲ್ಲ. ಅದು ಸತ್ತಿದ್ದರೆ ಮಾತ್ರ, ಉಳಿದವೂ ಬಹುತೇಕ ಸತ್ತಿವೆ ಎಂದು ಧೈರ್ಯದಿಂದ ಹೇಳಬಹುದು. ಪ್ರಾಣಿಯ ಸಾರದಲ್ಲಿ ಇದೇ ಪರೀಕ್ಷೆಯ ಅರ್ಥ ಬೇರೆ, ಏಕೆಂದರೆ ಅಲ್ಲಿ ಸಾಕ್ಷಿಯೇ ನಾಜೂಕು. ಕುರಿಯದು ಎಂದು ಮಾರಿದ ಸಾರವನ್ನು 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟ ಮೇಲೂ ಫಾಸ್ಫಟೇಸ್ ಕುಂದದಿದ್ದರೆ, ಸಾರದ ಮೂಲವನ್ನೂ ಬ್ಯಾಕ್ಟೀರಿಯಗಳ ಸಂಖ್ಯೆಯನ್ನೂ ಇನ್ನೊಮ್ಮೆ ವಿಚಾರಿಸಬೇಕಾಗುತ್ತದೆ. ನಿಮ್ಮ ಪ್ರಯೋಗಾಲಯದಲ್ಲಿ ಒಂದು ಚಿಕ್ಕ ಪ್ರಾಜೆಕ್ಟಿಗೆ ಇದು ಒಳ್ಳೆಯ ವಿಷಯ.

ಜರಾಯುವಿನ ಕಿಣ್ವಗಳ ಪಟ್ಟಿ ದೊಡ್ಡದು, ಅವುಗಳ ಸ್ವಭಾವವೂ ಒಂದೇ ಅಲ್ಲ. ತಾಮ್ರ ಮತ್ತು ಸತುವನ್ನೊಳಗೊಂಡ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಬಿಸಿಗೆ ಅಷ್ಟಾಗಿ ಹೆದರುವುದಿಲ್ಲ, ಕೆಟಲೇಸ್ ಹೆದರುತ್ತದೆ. ಲ್ಯಾಕ್ಟೇಟ್ ಡಿಹೈಡ್ರೊಜಿನೇಸಿನ ಕೆಲವು ಬಗೆಗಳು ಹಿಮಗಟ್ಟಿಸಿದರೇ ಕೆಡುತ್ತವೆ, ಆದ್ದರಿಂದ ‘ಶೀತಲೀಕರಿಸಿದ್ದೇವೆ, ಎಲ್ಲವೂ ಭದ್ರ’ ಎಂಬ ಭರವಸೆಯೂ ಪೂರ್ತಿ ಸರಿಯಲ್ಲ. ಮೇಲಾಗಿ ಜೀವಕೋಶಗಳ ಒಳಚೀಲಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕ್ಯಾಥೆಪ್ಸಿನ್‌ಗಳಿವೆ. ಹೆರಿಗೆಯಾದ ಮೇಲೆ ಅಥವಾ ಪ್ರಾಣಿ ಮಾಸು ಹಾಕಿದ ಮೇಲೆ ಅಂಗಾಂಶವನ್ನು ತಂಪಿಗಿಡಲು ತಡವಾದಷ್ಟೂ ಅವು ಸಡಿಲಗೊಂಡು ಅಕ್ಕಪಕ್ಕದ ಪ್ರೋಟೀನುಗಳನ್ನು ತಿನ್ನತೊಡಗುತ್ತವೆ. ಕಾರ್ಖಾನೆಯಲ್ಲಿ ಆಗುವ ನಷ್ಟಕ್ಕಿಂತ ಮೊದಲ ಕೆಲವು ಗಂಟೆಗಳಲ್ಲಿ ಆಗುವ ನಷ್ಟವೇ ಕೆಲವೊಮ್ಮೆ ದೊಡ್ಡದು.

ಪ್ರಶ್ನೆ: ಜಪಾನಿನಲ್ಲಿರುವ ಮಗಳು ನನಗೆ ಪ್ಲಸೆಂಟಾ ಸೀರಮ್ ಕಳಿಸಿದ್ದಾಳೆ. ಹಂದಿಯ ಜರಾಯುವನ್ನು ‘ಕಿಣ್ವ ವಿಧಾನದಿಂದ’ ಸಂಸ್ಕರಿಸಿದ್ದು ಎಂದು ಅವಳು ಅದರ ಬರಹವನ್ನು ಓದಿ ಹೇಳಿದಳು. ಇದರಲ್ಲಿ ಸಕ್ರಿಯ ಕಿಣ್ವ ಇದೆಯೆಂದು ತಿಳಿಯಬಹುದೇ? (ಓದುಗರು, ಮೈಸೂರು)

ಉತ್ತರ: ಇಲ್ಲ, ಅಮ್ಮಾ. ಅಲ್ಲಿ ಕಿಣ್ವವು ಉಪಕರಣ, ಸರಕಲ್ಲ. ಜರಾಯುವಿನ ಪ್ರೋಟೀನುಗಳನ್ನು ಚಿಕ್ಕ ಪೆಪ್ಟೈಡುಗಳಾಗಿ ಮತ್ತು ಅಮೈನೋ ಆಮ್ಲಗಳಾಗಿ ಒಡೆಯಲು ಹೊರಗಿನಿಂದ ಪ್ರೋಟಿಯೇಸ್ ಕಿಣ್ವವನ್ನು ಹಾಕಿ, ಒಡೆದಾದ ಮೇಲೆ ಶಾಖದಿಂದ ಅದರ ಕೆಲಸವನ್ನು ನಿಲ್ಲಿಸಿ, ಸೋಸಿ ಸಾರವನ್ನು ತೆಗೆಯುವುದು ಆ ವಿಧಾನ. ಜರಾಯುವಿನ ಸ್ವಂತ ಕಿಣ್ವಗಳೂ ಪ್ರೋಟೀನುಗಳೇ ಆದ್ದರಿಂದ ಅವೂ ಒಡೆದು ಹೋಗಿರುತ್ತವೆ. ಅಂಗಾಂಶವನ್ನು ಹಿಮಗಟ್ಟಿಸಿ ಕರಗಿಸಿ ಜೀವಕೋಶಗಳನ್ನು ಒಡೆಯುವ ಇನ್ನೊಂದು ವಿಧಾನವಿದೆ. ಕಿಣ್ವಗಳು ಉಳಿಯುವ ಅವಕಾಶ ಅದರಲ್ಲಿ ಹೆಚ್ಚು, ಆದರೆ ಕೊನೆಗೆ ಅದನ್ನೂ ಶಾಖದಿಂದ ಶುದ್ಧಿಗೊಳಿಸಿದರೆ ಲಾಭ ಉಳಿಯದು.

ಜಪಾನಿನಲ್ಲಿ ಇದೊಂದು ದೊಡ್ಡ ಉದ್ಯಮ. ಅಲ್ಲಿ ಜರಾಯು ಸಾರವನ್ನು ಚರ್ಮದ ಕಲೆ ತಡೆಯುವ ಅಂಶವಾಗಿ ಅರೆ-ಔಷಧಿಗಳ ವರ್ಗದಲ್ಲಿ ಬಳಸುತ್ತಾರೆ. 2001ರ ಸೆಪ್ಟೆಂಬರಿನಲ್ಲಿ ಆ ದೇಶದ ಹಸುವೊಂದರಲ್ಲಿ ‘ಹುಚ್ಚು ಹಸು’ ರೋಗ ಪತ್ತೆಯಾದ ಬಳಿಕ ಉದ್ಯಮವು ಹಸುವಿನ ಜರಾಯುವನ್ನು ಕೈಬಿಟ್ಟು ಹಂದಿಯತ್ತ ತಿರುಗಿತು. ಮನುಷ್ಯರ ಜರಾಯುವಿನಿಂದ ತಯಾರಾಗುವ ಎರಡು ಚುಚ್ಚುಮದ್ದುಗಳು ಮಾತ್ರ ಅಲ್ಲಿ ವೈದ್ಯಕೀಯ ಬಳಕೆಯಲ್ಲಿವೆ, ಒಂದಕ್ಕೆ 1956ರಲ್ಲಿ, ಇನ್ನೊಂದಕ್ಕೆ 1974ರಲ್ಲಿ ಮಂಜೂರಾತಿ ಸಿಕ್ಕಿತು. ಅವುಗಳ ತಯಾರಿಕೆಯಲ್ಲಿ ಆಮ್ಲದಿಂದ ಒಡೆಯುವ ಹಂತವೂ ಹೆಚ್ಚು ಶಾಖದ ಹಂತವೂ ಇವೆ. ಹೀಗಿದ್ದೂ, ಇವನ್ನು ಹಾಕಿಸಿಕೊಂಡವರು ರಕ್ತದಾನ ಮಾಡದಂತೆ 2006ರಲ್ಲಿ ಅಲ್ಲಿ ತಡೆ ಬಂತು. ಹುಚ್ಚು ಹಸು ರೋಗದ ಮನುಷ್ಯ ರೂಪವನ್ನು ಹರಡುವ ಪ್ರಿಯಾನ್ ಎಂಬ ಪ್ರೋಟೀನು ಶಾಖಕ್ಕೆ ಸುಲಭವಾಗಿ ಬಗ್ಗುವುದಿಲ್ಲ ಎಂಬುದು ಆ ಎಚ್ಚರಿಕೆಯ ಹಿಂದಿನ ಕಾರಣ. ಒಳ್ಳೆಯ ಕಿಣ್ವವನ್ನು ಕೊಲ್ಲುವಷ್ಟು ಬಿಸಿ ಕೆಟ್ಟ ಪ್ರೋಟೀನನ್ನು ಕೊಲ್ಲಲು ಸಾಲದು. ಜರಾಯು ಸಾರದ ತಯಾರಕರಿಗೆ ಇದಕ್ಕಿಂತ ಇಕ್ಕಟ್ಟಿನ ಸಂಗತಿ ಇನ್ನೊಂದಿಲ್ಲ.

ನಿಮ್ಮ ಸೀರಮ್ಮಿನಲ್ಲಿ ಪೆಪ್ಟೈಡು ಮತ್ತು ಅಮೈನೋ ಆಮ್ಲಗಳು ಇವೆ. ಚರ್ಮಕ್ಕೆ ತೇವ ಹಿಡಿದಿಡಲು ಅವು ಸಾಕು.

ಪ್ರಶ್ನೆ: ನಾನು ಶುಶ್ರೂಷಕಿ. ಮನುಷ್ಯರ ಜರಾಯುವಿನ ಸಾರವಿರುವ ಜೆಲ್ಲನ್ನು ಗಾಯಕ್ಕೆ ಹಚ್ಚುವುದನ್ನು ವರ್ಷಗಳಿಂದ ನೋಡಿದ್ದೇನೆ. ಅದನ್ನು ಆಟೊಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಕಾಯಿಸಿ, ತಯಾರಿಸುತ್ತಾರೆಂದು ಕೇಳಿದೆ. ಹಾಗಾದರೆ ಅದರಲ್ಲಿ ಕಿಣ್ವ ಇರಲು ಸಾಧ್ಯವೇ? ಅದನ್ನೇ ಮುಖದ ಕಾಂತಿಗೆ ಹಚ್ಚಬಹುದೇ? (ಹುಬ್ಬಳ್ಳಿ)

ಉತ್ತರ: ಈ ವಿಧಾನದ ಬೇರು ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿದೆ. ಕಾರ್ನಿಯಾ ಕಸಿಯಲ್ಲಿ ಹೆಸರು ಮಾಡಿದ ನೇತ್ರತಜ್ಞ ವ್ಲಾದಿಮಿರ್ ಫಿಲಾಟೊವ್ 1930ರ ದಶಕದಲ್ಲಿ, ತಂಪಿನಲ್ಲಿ ಕೆಲವು ದಿನ ಇಟ್ಟ ಅಂಗಾಂಶಗಳು ಗಾಯ ಮಾಯಿಸುವ ಗುಣವನ್ನು ಪಡೆಯುತ್ತವೆಂದು ಹೇಳಿ ಅಂಗಾಂಶ ಚಿಕಿತ್ಸೆಯನ್ನು ಆರಂಭಿಸಿದರು. ಆ ಗುಣಕ್ಕೆ ಕಾರಣವಾದ ಪದಾರ್ಥಗಳನ್ನು ‘ಜೈವಿಕ ಪ್ರಚೋದಕಗಳು’ ಎಂದು ಕರೆದರು. ಅಂಗಾಂಶವನ್ನು ಸುಮಾರು 120 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿದರೂ ಗುಣ ಉಳಿಯುತ್ತದೆ, ಆದ್ದರಿಂದ ಅವು ಕಿಣ್ವಗಳಲ್ಲ ಎಂಬುದು ಅವರ ವಾದವೇ ಆಗಿತ್ತು. ಅಂದರೆ ಜರಾಯು ಸಾರದ ಮೂಲ ಪ್ರತಿಪಾದಕರು ಕಿಣ್ವದ ಹೆಸರಿನಲ್ಲಿ ಅದನ್ನು ಮಾರಲಿಲ್ಲ. ಕಿಣ್ವವೆಂಬ ಆಕರ್ಷಣೆ ಆಮೇಲೆ ಸೌಂದರ್ಯವರ್ಧಕದ ವ್ಯಾಪಾರದಲ್ಲಿ ಅಂಟಿಕೊಂಡದ್ದು.

ಆದರೂ ನಿಮ್ಮ ಪ್ರಶ್ನೆಗೆ ‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗದು. ಕೋಲ್ಕತ್ತದ ಭಾರತೀಯ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯ ಸಂಶೋಧಕರು ಗಾಯಕ್ಕೆ ಬಳಸುವ ಇಂತಹ ಜಲೀಯ ಸಾರವನ್ನು ವರ್ಷಗಳ ಕಾಲ ಬಿಡಿಸಿ ನೋಡಿದ್ದಾರೆ. ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನ ಒಂದು ತುಣುಕನ್ನು ಹೋಲುವ ಪೆಪ್ಟೈಡ್ ಅದರಲ್ಲಿದೆಯೆಂದೂ, ಸಾರದ ಪೆಪ್ಟೈಡ್ ಭಾಗವು ಟ್ರಿಪ್ಸಿನ್ ಕಿಣ್ವದ ಸಕ್ರಿಯತೆಯನ್ನು ನಿಯಂತ್ರಿಸುತ್ತದೆಂದೂ, ಯುಬಿಕ್ವಿಟಿನ್‌ನಂತಹ ಚಿಕ್ಕ ಪ್ರೋಟೀನೊಂದು ಕೊಲಾಜನನ್ನು ಕತ್ತರಿಸುವ ಸಕ್ರಿಯತೆ ತೋರಿಸುತ್ತದೆಂದೂ ಅವರು ಪ್ರಕಟಿಸಿದ್ದಾರೆ. ದೊಡ್ಡ ಕಿಣ್ವಗಳು ಬೆಂದುಹೋದ ಮೇಲೂ ಚಿಕ್ಕ, ಬಿಗಿಯಾದ ರಚನೆಗಳು ಉಳಿದು ಏನನ್ನಾದರೂ ಮಾಡಬಲ್ಲವು ಎಂಬುದು ಇದರಿಂದ ಕಾಣುತ್ತದೆ. ಯುಬಿಕ್ವಿಟಿನ್ ಶಾಖಕ್ಕೆ ಬಹಳ ಗಟ್ಟಿಯೆಂಬುದು ಜೀವರಸಾಯನದಲ್ಲಿ ಹಳೆಯ ಮಾತು. ಕಿಣ್ವದ ಸ್ಥಿರತೆಯನ್ನು ಬರಿಯ ಉಷ್ಣತೆಯ ಅಂಕಿಯಿಂದ ಅಳೆಯದೆ, ಪಕ್ಕದಲ್ಲಿ ಯಾವ ಪದಾರ್ಥವಿದೆ ಎಂದೂ ನೋಡಬೇಕು ಎನ್ನುವುದು ಈ ಕೆಲಸದಿಂದ ನಾನು ಕಲಿತದ್ದು.

ಮುಖಕ್ಕೆ ಹಚ್ಚುವ ವಿಷಯ ಬೇರೆ. ತೆರೆದ ಗಾಯದಲ್ಲಿ ಚರ್ಮದ ತಡೆಗೋಡೆಯೇ ಇರುವುದಿಲ್ಲ, ಹಚ್ಚಿದ್ದು ಅಂಗಾಂಶವನ್ನು ನೇರವಾಗಿ ಮುಟ್ಟುತ್ತದೆ. ಮುಖದ ಇಡಿಯಾದ ಚರ್ಮಕ್ಕೆ ಆ ಅನುಭವವನ್ನು ಒಯ್ಯಲಾಗದು. ಕಾನೂನೂ ಇದೆ: 2011ರಲ್ಲಿ ಕೇಂದ್ರ ಸರ್ಕಾರವು ಮನುಷ್ಯ ಜರಾಯು ಸಾರದ ಔಷಧಗಳನ್ನು ನಿಷೇಧಿಸಿ, ಗಾಯದ ಮೇಲೆ ಹಚ್ಚುವುದಕ್ಕೆ ಮತ್ತು ಕಿಬ್ಬೊಟ್ಟೆಯ ಉರಿಯೂತಕ್ಕೆ ಚುಚ್ಚುಮದ್ದಾಗಿ ಕೊಡುವುದಕ್ಕೆ ಮಾತ್ರ ವಿನಾಯಿತಿ ಇಟ್ಟಿತು. ಕಾಂತಿ ಆ ಪಟ್ಟಿಯಲ್ಲಿಲ್ಲ. ಯುರೋಪಿನ ಒಕ್ಕೂಟದಲ್ಲಂತೂ ಮನುಷ್ಯ ಮೂಲದ ಜೀವಕೋಶ, ಅಂಗಾಂಶ ಮತ್ತು ಅವುಗಳ ಉತ್ಪನ್ನಗಳನ್ನು ಸೌಂದರ್ಯವರ್ಧಕಗಳಲ್ಲಿ ಬಳಸುವುದೇ ನಿಷಿದ್ಧ.

ಪ್ರಶ್ನೆ: ಜರಾಯುವಿನ ಕಿಣ್ವವನ್ನು ನಿಜವಾಗಿ ಜೀವಂತ ಇಟ್ಟು ಬಳಸಿದ ಉದಾಹರಣೆ ಎಲ್ಲಿಯಾದರೂ ಇದೆಯೇ?

ಉತ್ತರ: ಇದೆ, ಆದರೆ ಸೌಂದರ್ಯಕ್ಕಲ್ಲ. ಗೋಶೆ ಎಂಬ ಆನುವಂಶಿಕ ಕಾಯಿಲೆಯಲ್ಲಿ ಒಂದು ಬಗೆಯ ಕೊಬ್ಬನ್ನು ಒಡೆಯುವ ಗ್ಲುಕೊಸೆರೆಬ್ರೊಸಿಡೇಸ್ ಕಿಣ್ವದ ಕೊರತೆಯಿರುತ್ತದೆ. ಮನುಷ್ಯರ ಜರಾಯುಗಳಿಂದ ಆ ಕಿಣ್ವವನ್ನು ಶುದ್ಧೀಕರಿಸಿ, ಅದರ ಸಕ್ಕರೆಯ ಸರಪಳಿಯನ್ನು ಬದಲಿಸಿ ಅಮೆರಿಕದ ಜೆನ್‌ಜೈಮ್ ಕಂಪನಿ ತಯಾರಿಸಿದ ಔಷಧಕ್ಕೆ 1991ರಲ್ಲಿ ಅಲ್ಲಿ ಮಂಜೂರಾತಿ ಸಿಕ್ಕಿತು. ಒಬ್ಬ ರೋಗಿಯ ಒಂದು ವರ್ಷದ ಚಿಕಿತ್ಸೆಗೆ ಸಾವಿರಾರು ಜರಾಯುಗಳು ಬೇಕಾಗುತ್ತಿದ್ದವು. ಕಿಣ್ವ ಕೆಡದಂತೆ ಅದನ್ನು ಸಿಟ್ರೇಟ್ ಬಫರಿನಲ್ಲಿ, ಕಾವಲಿಗೆ ಶೇಕಡಾ 1ರಷ್ಟು ಆಲ್ಬುಮಿನ್ ಸೇರಿಸಿ, ರೆಫ್ರಿಜರೇಟರಿನಲ್ಲಿಯೇ ಇಟ್ಟು, ರಕ್ತನಾಳದ ಮೂಲಕ ಕೊಡುತ್ತಿದ್ದರು. 1994ರಲ್ಲಿ ಜೀವಕೋಶ ಕೃಷಿಯಿಂದ ಪಡೆದ ಕಿಣ್ವ ಬಂದು ಜರಾಯುವಿನದನ್ನು ಬದಿಗೆ ಸರಿಸಿತು. ಒಂದೇ ಒಂದು ಕಿಣ್ವವನ್ನು ಕಾಯಲು ಇಷ್ಟು ಏರ್ಪಾಡು ಬೇಕಾಯಿತು. ಸುಗಂಧ, ಸಂರಕ್ಷಕ, ಎಣ್ಣೆಗಳ ನಡುವೆ ಸ್ನಾನದ ಕೋಣೆಯ ಕಪಾಟಿನಲ್ಲಿ ಕುಳಿತ ಡಬ್ಬಿಯಲ್ಲಿ ಹತ್ತಾರು ಕಿಣ್ವಗಳು ಬಾಳುತ್ತವೆಂಬ ಜಾಹೀರಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ಕಿಣ್ವ ಸತ್ತಿದ್ದರೆ ಜರಾಯು ಸಾರದಿಂದ ಅಪಾಯವೂ ಇಲ್ಲವೆಂದಾಯಿತಲ್ಲವೇ? ಮಕ್ಕಳ ತಲೆಗೂದಲಿಗೆ ಹಚ್ಚಬಹುದೇ? (ಮಂಗಳೂರು)

ಉತ್ತರ: ಹಾಗೆ ತಿಳಿಯಬಾರದು. ಜರಾಯುವು ಈಸ್ಟ್ರೊಜನ್, ಪ್ರೊಜೆಸ್ಟರೋನ್‌ಗಳನ್ನು ತಯಾರಿಸುವ ಅಂಗ. ಅವು ಸ್ಟೀರಾಯ್ಡುಗಳು, 300 ಡಾಲ್ಟನ್ ಆಸುಪಾಸಿನ ಚಿಕ್ಕ ಅಣುಗಳು. ಕಿಣ್ವವನ್ನು ಹಾಳುಗೆಡಹುವ ಬಿಸಿ ಅವನ್ನು ಹಾಳುಮಾಡುವುದಿಲ್ಲ, ಕಿಣ್ವ ದಾಟಲಾರದ ಚರ್ಮವನ್ನು ಅವು ದಾಟುತ್ತವೆ. ಅಮೆರಿಕದಲ್ಲಿ ಈಸ್ಟ್ರೊಜನ್ ಅಥವಾ ಜರಾಯು ಸಾರವಿದ್ದ ಕೇಶ ಉತ್ಪನ್ನಗಳನ್ನು ಬಳಸಿದ ಚಿಕ್ಕ ಹೆಣ್ಣುಮಕ್ಕಳಲ್ಲಿ ಅಕಾಲದಲ್ಲಿ ಸ್ತನ ಮತ್ತು ರೋಮ ಬೆಳೆದ ಪ್ರಕರಣಗಳನ್ನು 1998ರಲ್ಲಿ ವೈದ್ಯರು ವರದಿ ಮಾಡಿದರು. ಉತ್ಪನ್ನದ ಬಳಕೆ ನಿಂತ ಮೇಲೆ ಆ ಲಕ್ಷಣಗಳು ಇಳಿದವು. ಅಲ್ಲಿನ ಸೌಂದರ್ಯವರ್ಧಕ ಘಟಕಾಂಶಗಳ ಪರಿಶೀಲನಾ ತಜ್ಞರ ಮಂಡಳಿ 2002ರಲ್ಲಿ ಜರಾಯುವಿನ ಪ್ರೋಟೀನು, ಕಿಣ್ವ, ಕೊಬ್ಬು, ಸಾರಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ಸುರಕ್ಷಿತವೆನ್ನಲು ಮಾಹಿತಿ ಸಾಲದು ಎಂಬ ತೀರ್ಮಾನಕ್ಕೆ ಬಂದಿತು. ಮಕ್ಕಳಿಗೆ ಹಚ್ಚಬೇಡಿ. ದೊಡ್ಡವರಿಗಾದರೂ ‘ಹಾರ್ಮೋನ್ ಮುಕ್ತ’ ಎಂದು ಪರೀಕ್ಷಾ ವರದಿ ತೋರಿಸುವ ತಯಾರಕರದನ್ನು ಮಾತ್ರ ಕೊಳ್ಳಿ.

ಪ್ರಶ್ನೆ: ‘ಸಸ್ಯ ಪ್ಲಸೆಂಟಾ’ ಎಂದು ಮಾರುವ ಕ್ರೀಮಿನಲ್ಲಿಯೂ ಇವೇ ಕಿಣ್ವಗಳಿವೆಯೇ? (ಶಿರಸಿ)

ಉತ್ತರ: ಇಲ್ಲ. ಹೂವಿನ ಅಂಡಾಶಯದಲ್ಲಿ ಬೀಜಗಳು ಅಂಟಿಕೊಂಡಿರುವ ಭಾಗಕ್ಕೂ ಸಸ್ತನಿಗಳ ಜರಾಯುವಿಗೂ ಹೆಸರಿನ ಹೊರತು ನಂಟಿಲ್ಲ.

ಪ್ರಶ್ನೆ: ಜರಾಯು ಸಾರದ ಕ್ರೀಮನ್ನು ಫ್ರಿಜ್ಜಿನಲ್ಲಿಟ್ಟರೆ ಕಿಣ್ವ ಹೆಚ್ಚು ದಿನ ಉಳಿಯುವುದೇ? (ಬೆಂಗಳೂರು)

ಉತ್ತರ: ಡಬ್ಬಿ ನಿಮ್ಮ ಮನೆಗೆ ಬರುವ ಹೊತ್ತಿಗೆ ಉಳಿದದ್ದೇನಾದರೂ ಇದ್ದರೆ, ತಂಪಿನಲ್ಲಿ ಅದರ ನಾಶ ನಿಧಾನವಾಗುತ್ತದೆ. ಬಾಗಿಲಿನ ಅಂಕಣದಲ್ಲಿ ಇಡದೆ ಒಳಗಿನ ಅಂಕಣದಲ್ಲಿಡಿ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿ ಕರಗಿದರೆ ಎಣ್ಣೆ ಮತ್ತು ನೀರು ಬೇರ್ಪಟ್ಟು ಕ್ರೀಮೇ ಒಡೆಯುತ್ತದೆ. ಹಿಮಗಟ್ಟಿಸಿ ಒಣಗಿಸಿದ ಪುಡಿಯನ್ನು ಒಂದು ಸೀಸೆಯಲ್ಲಿ, ದ್ರವವನ್ನು ಇನ್ನೊಂದರಲ್ಲಿ ಇಟ್ಟು, ಬಳಸುವ ಮುನ್ನ ಬೆರೆಸಿಕೊಳ್ಳುವ ಉತ್ಪನ್ನಗಳೂ ಬಂದಿವೆ. ನೀರಿಲ್ಲದ ಪುಡಿಯಲ್ಲಿ ಕಿಣ್ವ ದ್ರವದಲ್ಲಿರುವುದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ಬೆರೆಸಿದ ಮೇಲೆ ಅದು ಮತ್ತೆ ಸಾಮಾನ್ಯ ದ್ರಾವಣವೇ, ಆದ್ದರಿಂದ ಅದರ ಮೇಲೆ ಎಷ್ಟು ದಿನವೆಂದು ಬರೆದಿದೆಯೋ ಅಷ್ಟರಲ್ಲಿ ಮುಗಿಸಿ, ಮಿಕ್ಕದ್ದನ್ನು ಚೆಲ್ಲಿಬಿಡಿ.